ಎಲ್ಲಿಂದ? ಎಲ್ಲಿಗೆ? ಯಾವತ್ತು?



“ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ.” ನಿಮ್ಮ ತಂದೆತಾಯಿಯರು ಈ ಸಾಲನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರು. ವಿಶಾಖಪಟ್ಟಣ, ವಿಜಯವಾಡ, ಭೀಮುನಿಪಟ್ಟಣಗಳಲ್ಲಿ ಓದಿ ಬೆಳೆದ ನಿಮಗೆ ಆ ಭಾಗ್ಯ ಇರಲಿಲ್ಲ. ಮನೆಯಲ್ಲಿ ಯಾರಾದರೂ ವಿಭಕ್ತಿ ಪ್ರತ್ಯಯದ ಮಾತೆತ್ತಿದರೆ, “ಇದನ್ನು ಕಲಿತು ಇಲ್ಲಿ ಏನು ಮಾಡೋದು?” ಎಂದು ಕೇಳುವವರು ನಿಮ್ಮಲ್ಲಿ ಹಲವರಿದ್ದೀರಿ. ನ್ಯಾಯವಾದ ಪ್ರಶ್ನೆಯೇ. ಈ ಸಲದ ಅಂಕಣದಲ್ಲಿ ಅದಕ್ಕೊಂದು ಉತ್ತರವಿದೆ. ಆ ಉತ್ತರ ನಿಮ್ಮ ಕೈಯಲ್ಲಿರುವ ಮೊಬೈಲಿನ ಕಡೆಯಿಂದ ಬರುತ್ತದೆ ಎಂಬುದೇ ವಿಶೇಷ.

ಕನ್ನಡ ಓದಲು ಇನ್ನೂ ತಡವರಿಸುವವರು ಮನೆಯ ಹಿರಿಯರಿಂದ ಓದಿಸಿಕೊಳ್ಳಿ. ಈ ಸಲದ ಪಾಠಕ್ಕೆ ಅವರೂ ಬೇಕಾಗುತ್ತಾರೆ.

ಹರಟೆಯ ಯಂತ್ರ, ಕೆಲಸದ ಯಂತ್ರ

ಗಣಕಯಂತ್ರದೊಡನೆ ಮಾತಿನ ಮೂಲಕ ವ್ಯವಹರಿಸುವ ತಂತ್ರಾಂಶಕ್ಕೆ ಚಾಟ್‌ಬಾಟ್ ಎಂದು ಹೆಸರು. ಇದರಲ್ಲಿ ಎರಡು ಜಾತಿ. ಮೊದಲನೆಯದು ಹರಟೆಯ ಯಂತ್ರ. ಅಮೆರಿಕದ ಎಂ.ಐ.ಟಿ.ಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ಪ್ರಾಧ್ಯಾಪಕರು ರಚಿಸಿ, 1966ರಲ್ಲಿ ಪ್ರಕಟಿಸಿದ ‘ಎಲೈಜಾ’ ಈ ಜಾತಿಯ ಹಿರಿಯಕ್ಕ. ನೀವು ಹೇಳಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದು ಅದರ ಉಪಾಯ. “ಅಮ್ಮನ ಮೇಲೆ ಬೇಜಾರಾಗಿದೆ” ಎಂದರೆ “ನಿಮ್ಮ ಮನೆಯವರ ವಿಷಯ ಇನ್ನಷ್ಟು ಹೇಳಿ” ಎನ್ನುವ ಜಾಣತನ. ಅದಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ಆದರೂ ಜನ ಅದರೊಡನೆ ಮನಸ್ಸು ಬಿಚ್ಚಿ ಮಾತಾಡಿದರು. ಇದನ್ನು ಕಂಡು ಸ್ವತಃ ವೈಜೆನ್‌ಬಾಮ್ ಅವರೇ ಗಾಬರಿಗೊಂಡರಂತೆ!

ಎರಡನೆಯದು ಕೆಲಸದ ಯಂತ್ರ. ಇದಕ್ಕೆ ಹರಟೆ ಬೇಕಿಲ್ಲ. ಟಿಕೆಟ್ ತೆಗೆಯಬೇಕು, ಬಿಲ್ ಕಟ್ಟಬೇಕು, ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು. ಕೆಲಸ ಮುಗಿದರೆ ಮಾತೂ ಮುಗಿಯಿತು. ನಾವು ಇಂದು ಬಿಚ್ಚಿ ನೋಡುವುದು ಈ ಎರಡನೆಯ ಜಾತಿಯನ್ನು.

ಇದಕ್ಕೆ ದೂರ ಹೋಗಬೇಕಾಗಿಲ್ಲ. ನೀವಿರುವ ಆಂಧ್ರಪ್ರದೇಶದಲ್ಲೇ ದೊಡ್ಡ ಉದಾಹರಣೆ ಇದೆ. ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಮೆಟಾ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು, 2025ರ ಜನವರಿ 30ರಂದು ‘ಮನ ಮಿತ್ರ’ ಎಂಬ ವಾಟ್ಸ್‌ಆಪ್ ಸೇವೆಯನ್ನು ಆರಂಭಿಸಿತು. ಮೊದಲ ಹಂತದಲ್ಲೇ 161 ಸೇವೆಗಳು: ವಿದ್ಯುತ್ ಬಿಲ್, ಆರ್‌ಟಿಸಿ ಬಸ್ಸಿನ ಟಿಕೆಟ್, ದೇವಾಲಯಗಳ ಸೇವೆ, ಕಂದಾಯ ಮತ್ತು ನಗರಾಡಳಿತದ ಕೆಲಸಗಳು ಇತ್ಯಾದಿ. ಬೆಂಗಳೂರಿನಲ್ಲಿ ನಮ್ಮ ಮೆಟ್ರೋ 2022ರ ನವೆಂಬರ್ 1ರಿಂದ, ಅಂದರೆ ರಾಜ್ಯೋತ್ಸವದ ದಿನದಿಂದ, ವಾಟ್ಸ್‌ಆಪ್ ಮೂಲಕ ಕ್ಯೂಆರ್ ಟಿಕೆಟ್ ಕೊಡಲು ತೊಡಗಿತು. ರೈಲ್ವೆಯ ಐಆರ್‌ಸಿಟಿಸಿ ಸಂಸ್ಥೆ 2018ರ ಅಕ್ಟೋಬರ್‌ನಲ್ಲಿ ‘ಆಸ್ಕ್ ದಿಶಾ’ ಎಂಬ ಚಾಟ್‌ಬಾಟನ್ನು ತಂದಿತು. ಅದನ್ನು ಕಟ್ಟಿಕೊಟ್ಟದ್ದು ಬೆಂಗಳೂರಿನ ಕೋರೋವರ್ ಸಂಸ್ಥೆ.

ಇದೆಲ್ಲ ಅನುಕೂಲವೇ, ಸಂದೇಹವಿಲ್ಲ. ಆದರೆ ನಮ್ಮ ಮನೆಗಳ ಒಂದು ಸಂಗತಿ ನಿಮಗೆ ಗೊತ್ತಿದೆ. ಊರಿನಿಂದ ಬಂದು ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ನೆಲೆಸಿದ ಅಜ್ಜ-ಅಜ್ಜಿಯರು ತರಕಾರಿಯವಳೊಡನೆ ತೆಲುಗಿನಲ್ಲಿ ಚೌಕಾಸಿ ಮಾಡಬಲ್ಲರು, ತೆಲುಗು ಓದಲಾರರು. ಇಂಗ್ಲಿಷ್ ಅಷ್ಟಕ್ಕಷ್ಟೆ. ಕೌಂಟರಿನ ಹಿಂದೆ ಮನುಷ್ಯನಿದ್ದಾಗ ಅರ್ಧ ತೆಲುಗು, ಅರ್ಧ ಕನ್ನಡ, ಉಳಿದದ್ದು ಕೈಸನ್ನೆಯಲ್ಲಿ ಕೆಲಸ ಆಗುತ್ತಿತ್ತು. ಕೌಂಟರಿನ ಜಾಗಕ್ಕೆ ಯಂತ್ರ ಬಂದಾಗ ಅವರ ಕೆಲಸವೆಲ್ಲ ನಿಮ್ಮ ಬಿಡುವಿಗೆ ಕಾಯುವಂತಾಗುತ್ತದೆ. “ಪುಟ್ಟಾ, ಇದೊಂದು ನೋಡಿ ಕೊಡು” ಎಂದು ದಿನಕ್ಕೆ ಎಷ್ಟು ಸಲ ಕೇಳಿಸಿಕೊಳ್ಳುತ್ತೀರಿ? ಹಾಗೆ ಕೇಳಲು ಅವರಿಗೂ ಸಂಕೋಚವೇ. ಆದ್ದರಿಂದ ಯಂತ್ರಕ್ಕೆ ಅವರ ಮಾತು ತಿಳಿಯುತ್ತದೆಯೋ ಇಲ್ಲವೋ ಎಂಬುದು ಬರೀ ತಂತ್ರಜ್ಞಾನದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮನೆಯ ಹಿರಿಯರೊಬ್ಬರ ಸ್ವಾತಂತ್ರ್ಯದ ಪ್ರಶ್ನೆಯೂ ಆಗುತ್ತದೆ.

ಮಾತಾಡುವ ಚೀಟಿ

ರೈಲ್ವೆ ರಿಸರ್ವೇಶನ್ ಚೀಟಿಯನ್ನು ನೋಡಿದ್ದೀರಾ? ಕೌಂಟರಿನ ಬಳಿ ಸಿಗುವ ಆ ತೆಳು ಕಾಗದ. ರೈಲಿನ ನಂಬರು, ತಾರೀಖು, ಎಲ್ಲಿಂದ, ಎಲ್ಲಿಗೆ, ಯಾವ ದರ್ಜೆ, ಪ್ರಯಾಣಿಕರ ಹೆಸರು, ವಯಸ್ಸು ಇವಕ್ಕೆಲ್ಲ ಒಂದೊಂದು ಖಾಲಿ ಜಾಗ. ಒಂದು ಚೀಟಿಯಲ್ಲಿ ಹೆಚ್ಚೆಂದರೆ 6 ಮಂದಿ. ಖಾಲಿ ಬಿಟ್ಟರೆ ಕೌಂಟರಿನವರು ಚೀಟಿ ಹಿಂದಕ್ಕೆ ತಳ್ಳಿ, “ತಾರೀಖು ಬರೀರಿ” ಎನ್ನುತ್ತಾರೆ.

ಕೆಲಸದ ಚಾಟ್‌ಬಾಟ್ ಎಂದರೆ ಇಷ್ಟೆ: ತನ್ನ ಖಾಲಿ ಜಾಗಗಳನ್ನು ತಾನೇ ಕೇಳಿ ತುಂಬಿಸಿಕೊಳ್ಳುವ ಚೀಟಿ. ಈ ಕಲ್ಪನೆ ಹಳೆಯದು. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಝೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ಡೇನಿಯಲ್ ಬೊಬ್ರೊ ಮತ್ತು ಸಂಗಡಿಗರು 1977ರಲ್ಲಿ ‘ಗಸ್’ ಎಂಬ ತಂತ್ರಾಂಶದ ವಿವರ ಪ್ರಕಟಿಸಿದರು. ವಿಮಾನದ ಟಿಕೆಟ್ ಕಾಯ್ದಿರಿಸಲು ಬಂದವರೊಡನೆ ಅದು ಮಾತಾಡುತ್ತಿತ್ತು. ಅದರ ಒಳಗಿದ್ದುದು ಇಂಥದೇ ಒಂದು ಚೌಕಟ್ಟು ಮತ್ತು ಅದರೊಳಗಿನ ಖಾನೆಗಳು. ಅವರು ಕೊಟ್ಟ ಮಾದರಿ ಸಂಭಾಷಣೆಯಲ್ಲಿ ಒಂದು ಸ್ವಾರಸ್ಯವಿದೆ. ಯಾವ ಹೊತ್ತಿಗೆ ಹೊರಡುತ್ತೀರಿ ಎಂದು ಯಂತ್ರ ಕೇಳಿದರೆ, ಬೆಳಿಗ್ಗೆ 10ಕ್ಕೆ ಮೊದಲು ಅಲ್ಲಿರಬೇಕು ಎಂದು ಗಿರಾಕಿ ಹೇಳುತ್ತಾನೆ. ಕೇಳಿದ್ದು ಹೊರಡುವ ಹೊತ್ತು, ಹೇಳಿದ್ದು ತಲುಪುವ ಹೊತ್ತು. ನಮ್ಮ ಮನೆಗಳಲ್ಲಿ ದಿನವೂ ನಡೆಯುವುದು ಇದೇ ಅಲ್ಲವೇ? ಯಂತ್ರ ಅದನ್ನು ತಿಳಿದುಕೊಂಡು ಆ ಹೊತ್ತಿನೊಳಗೆ ತಲುಪುವ ವಿಮಾನವನ್ನು ತೋರಿಸುತ್ತದೆ.

ಈಗ ನಮ್ಮದೇ ಒಂದು ಸಂಭಾಷಣೆ ಊಹಿಸೋಣ. ಕನ್ನಡ ಬಲ್ಲ ಒಂದು ಟಿಕೆಟ್ ಯಂತ್ರ ಇದೆ ಎಂದುಕೊಳ್ಳಿ. ಇಂದು ಮಂಗಳವಾರ.

ಅಜ್ಜಿ: ನಾಡಿದ್ದು ಬೆಂಗ್ಳೂರಿಗೆ ಎರಡು ಟಿಕೆಟ್ ಬೇಕಾಗಿತ್ತಲ್ಲಪ್ಪ.
ಯಂತ್ರ: ಆಗಲಿ. ಎಲ್ಲಿಂದ ಹೊರಡುತ್ತೀರಿ?
ಅಜ್ಜಿ: ಇಲ್ಲಿಂದಲೇ, ವೈಜಾಗಿಂದ.
ಯಂತ್ರ: ಸ್ಲೀಪರ್ ಬೇಕೋ, ಎಸಿ ಬೇಕೋ?
ಅಜ್ಜಿ: ಎಸಿ ಬೇಡ, ಚಳಿ ಆಗತ್ತೆ. ಅಲ್ಲಾ, ನಾಡಿದ್ದು ಅಮಾವಾಸ್ಯೆ! ಅದರ ಮಾರನೇ ದಿನಕ್ಕೆ ಮಾಡು.
ಯಂತ್ರ: ಶುಕ್ರವಾರ, ವಿಶಾಖಪಟ್ಟಣದಿಂದ ಬೆಂಗಳೂರಿಗೆ, ಸ್ಲೀಪರ್, ಇಬ್ಬರಿಗೆ. ಸರಿಯೇ?
ಅಜ್ಜಿ: ಹೂಂ, ಸರಿ.

ನಾಲ್ಕು ಮಾತಿನ ಈ ಸಂಭಾಷಣೆ ನಡೆಯಬೇಕಾದರೆ ಒಳಗೆ ಆರು ಇಟ್ಟಿಗೆಗಳು ಬೇಕು. ಒಂದೊಂದಾಗಿ ನೋಡೋಣ.

ಮೊದಲ ಇಟ್ಟಿಗೆ: ಉದ್ದೇಶ

ಅಜ್ಜಿಗೆ ಬೇಕಾದ್ದು ಏನು? ಟಿಕೆಟ್ ತೆಗೆಯುವುದೋ, ತೆಗೆದ ಟಿಕೆಟನ್ನು ರದ್ದು ಮಾಡುವುದೋ, ರೈಲು ಎಲ್ಲಿದೆ ಎಂದು ತಿಳಿಯುವುದೋ? ಇದನ್ನು ತಂತ್ರಜ್ಞರು ಇಂಟೆಂಟ್ ಎನ್ನುತ್ತಾರೆ. ಯಂತ್ರದ ಬಳಿ ಇಂಥ ಉದ್ದೇಶಗಳ ಒಂದು ಸಣ್ಣ ಪಟ್ಟಿ ಇರುತ್ತದೆ. ಪ್ರತಿಯೊಂದು ಉದ್ದೇಶಕ್ಕೂ ಜನ ಹೇಗೆಲ್ಲ ಕೇಳಬಹುದು ಎಂಬ ಮಾದರಿ ವಾಕ್ಯಗಳನ್ನು ಮೊದಲೇ ಕೊಟ್ಟು ಅದನ್ನು ಪಳಗಿಸಿರುತ್ತಾರೆ. ಹೊಸ ವಾಕ್ಯ ಬಂದಾಗ ಯಾವ ಗುಂಪಿಗೆ ಹೆಚ್ಚು ಹತ್ತಿರ ಎಂದು ಅದು ಅಳೆಯುತ್ತದೆ.

ಇಲ್ಲೇ ಮೊದಲ ತೊಡಕು. ಅಜ್ಜಿ ಹೇಳಿದ್ದು “ಬೇಕಾಗಿತ್ತು” ಎಂದು. ರೂಪದಲ್ಲಿ ಭೂತಕಾಲ, ಅರ್ಥದಲ್ಲಿ ಈಗಿನ ಬೇಡಿಕೆ. ಕನ್ನಡದಲ್ಲಿ ನಯವಾಗಿ ಕೇಳುವ ಕ್ರಮವೇ ಅದು. ಪದಕ್ಕೆ ಪದ ಇಟ್ಟು ನೋಡುವ ಯಂತ್ರ “ಹಿಂದೆ ಬೇಕಾಗಿತ್ತು, ಈಗ ಬೇಡವೇನೋ” ಎಂದುಕೊಂಡೀತು. ಇನ್ನು ಮೈಸೂರಿನ ಕಡೆಯವರು “ಬೇಕಿತ್ತು ಕಣಪ್ಪ” ಎಂದರೆ, ಧಾರವಾಡದ ಕಡೆಯವರು “ಬೇಕಾಗೇದ್ರಿ” ಎನ್ನುತ್ತಾರೆ, ಮಂಗಳೂರಿನವರು “ಬೇಕಿತ್ತು ಮಾರಾಯ್ರೇ” ಎನ್ನುತ್ತಾರೆ. ನಾಲ್ಕೂ ಒಂದೇ ಉದ್ದೇಶ. ಮಾದರಿಯಲ್ಲಿ ಪುಸ್ತಕದ ಕನ್ನಡ ಮಾತ್ರ ಇದ್ದರೆ ಇವರ್‍ಯಾರ ಮಾತೂ ಯಂತ್ರಕ್ಕೆ ಹಿಡಿಯುವುದಿಲ್ಲ.

ಎರಡನೆಯ ಇಟ್ಟಿಗೆ: ಖಾನೆಗಳು

ಚೀಟಿಯ ಖಾಲಿ ಜಾಗಗಳಿಗೆ ಸ್ಲಾಟ್ ಎಂದು ಹೆಸರು. ಅವುಗಳಲ್ಲಿ ತುಂಬುವ ಊರು, ದಿನ, ಸಂಖ್ಯೆಗಳಿಗೆ ಎಂಟಿಟಿ ಎನ್ನುತ್ತಾರೆ. ನಮ್ಮ ಚೀಟಿಯ ಖಾನೆಗಳು: ಎಲ್ಲಿಂದ, ಎಲ್ಲಿಗೆ, ಯಾವತ್ತು, ಎಷ್ಟು ಮಂದಿ, ಯಾವ ದರ್ಜೆ.

ಈ ಹೆಸರುಗಳನ್ನು ಇನ್ನೊಮ್ಮೆ ಓದಿ. ಎಲ್ಲಿ-ಇಂದ. ಎಲ್ಲಿ-ಗೆ. ನೀವು ಮುಖ ಸಿಂಡರಿಸುತ್ತಿದ್ದ ವಿಭಕ್ತಿ ಪ್ರತ್ಯಯಗಳೇ ಖಾನೆಗಳ ಹೆಸರಾಗಿ ಕುಳಿತಿವೆ! “ವಿಶಾಖಪಟ್ಟಣದಿಂದ ಬೆಂಗಳೂರಿಗೆ” ಎಂದರೂ ಒಂದೇ, “ಬೆಂಗಳೂರಿಗೆ ವಿಶಾಖಪಟ್ಟಣದಿಂದ” ಎಂದರೂ ಒಂದೇ. ಯಾವ ಊರು ಮೊದಲು ಬಂತು ಎಂದು ನೋಡಿ ಪ್ರಯೋಜನವಿಲ್ಲ. ಬಾಲದಲ್ಲಿ ಏನಿದೆ ಎಂದು ನೋಡಬೇಕು. ತೆಲುಗಿನಲ್ಲಿ ನೀವು “ವಿಶಾಖ ನುಂಚಿ” ಎನ್ನುತ್ತೀರಿ. ಅಲ್ಲಿ ‘ನುಂಚಿ’ ಬೇರೆ ಪದವಾಗಿ ನಿಲ್ಲುತ್ತದೆ. ಕನ್ನಡದಲ್ಲಿ ‘ಇಂದ’ ಊರಿನ ಹೆಸರಿಗೆ ಅಂಟಿಕೊಳ್ಳುತ್ತದೆ. ಯಂತ್ರ ಅದನ್ನು ಬಿಡಿಸಿಕೊಳ್ಳಬೇಕು.

ಬಿಡಿಸುವುದೂ ಸುಲಭವಲ್ಲ. ಮೈಸೂರಿಗೆ, ಉಡುಪಿಗೆ, ಆದರೆ ಹಾಸನಕ್ಕೆ, ವಿಜಯವಾಡಕ್ಕೆ. ಒಂದೇ ಪ್ರತ್ಯಯಕ್ಕೆ ಇಷ್ಟು ವೇಷ. ಅದಕ್ಕಿಂತ ಹೆಚ್ಚಿನ ಮೋಜು ಈ ವಾಕ್ಯದಲ್ಲಿದೆ: “ಅಜ್ಜಿಗೆ ಬೆಂಗಳೂರಿಗೆ ಹತ್ತನೇ ತಾರೀಖಿಗೆ ಟಿಕೆಟ್ ಬೇಕು.” ಮೂರು ‘ಗೆ’! ಮೊದಲನೆಯದು ಯಾರಿಗೆ ಎನ್ನುತ್ತದೆ, ಎರಡನೆಯದು ಎಲ್ಲಿಗೆ, ಮೂರನೆಯದು ಯಾವಾಗ. ಬಾಲ ಒಂದೇ ಆದರೂ ಅಜ್ಜಿ ವ್ಯಕ್ತಿ, ಬೆಂಗಳೂರು ಸ್ಥಳ, ಹತ್ತನೇ ತಾರೀಖು ಕಾಲ ಎಂಬ ತಿಳಿವೂ ಜೊತೆಗೆ ಬೇಕು. ಇಲ್ಲದಿದ್ದರೆ ಯಂತ್ರ ‘ಅಜ್ಜಿ’ ಎಂಬ ಊರನ್ನು ಹುಡುಕುತ್ತ ಕೂತೀತು.

ಖಾನೆಗೆ ಬಂದ ಪದವನ್ನು ಯಂತ್ರ ತನ್ನ ಪಟ್ಟಿಯ ಹೆಸರಿಗೆ ಹೊಂದಿಸಬೇಕು. ಅಜ್ಜಿ ಹೇಳಿದ್ದು ವೈಜಾಗ್. ಕೆಲವರಿಗೆ ಅದು ವಿಶಾಖ, ಹಳಬರಿಗೆ ವಾಲ್ಟೇರ್. ಭೀಮುನಿಪಟ್ಟಣವೆಂದರೂ ಭೀಮಿಲಿಯೆಂದರೂ ಒಂದೇ ಊರು. ಬ್ರಿಟಿಷರ ಕಾಗದಪತ್ರಗಳಲ್ಲಿ ಅದೇ ಬಿಮ್ಲಿಪಟಂ. ವಿಜಯವಾಡ ನಿಲ್ದಾಣದ ಸಂಕೇತಾಕ್ಷರ ಇಂದಿಗೂ ಬಿ-ಝಡ್-ಎ. ಹಳೆಯ ಬೆಜವಾಡ ಅದರಲ್ಲಿ ಉಸಿರಾಡುತ್ತಿದೆ. ಬೆಂಗಳೂರಿನದು ಇನ್ನೊಂದು ಬಗೆಯ ಸಮಸ್ಯೆ. ಅದು ಒಂದು ನಿಲ್ದಾಣವಲ್ಲ: ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣವಿದೆ, ಯಶವಂತಪುರವಿದೆ, 2022ರಲ್ಲಿ ಬಳಕೆಗೆ ಬಂದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಇದೆ. ಒಳ್ಳೆಯ ಯಂತ್ರ ಊಹಿಸಿ ಬಿಡುವುದಿಲ್ಲ, ಕೇಳುತ್ತದೆ.

ಕಾಲದ ಪದಗಳಲ್ಲಿ ಮಾತ್ರ ನಮ್ಮ ಭಾಷೆ ಯಂತ್ರಕ್ಕೆ ಉಪಕಾರಿ. ಹಿಂದಿಯ ‘ಕಲ್’ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ನಮ್ಮಲ್ಲಿ ಮೊನ್ನೆ, ನಿನ್ನೆ, ಇವತ್ತು, ನಾಳೆ, ನಾಡಿದ್ದು ಎಂದು ಐದು ದಿನಕ್ಕೂ ಬೇರೆ ಬೇರೆ ಹೆಸರಿದೆ. ನಿಮ್ಮಲ್ಲಿ ಎಷ್ಟು ಮಂದಿ ‘ನಾಡಿದ್ದು’ ಎನ್ನುತ್ತೀರಿ, ಎಷ್ಟು ಮಂದಿ ‘ಎಲ್ಲುಂಡಿ’ ಎನ್ನುತ್ತೀರಿ? ಲೆಕ್ಕ ಹಾಕಿ ನೋಡಿ.

ಮೂರನೆಯ ಇಟ್ಟಿಗೆ: ನೆನಪು

ಅಜ್ಜಿಯ ಮೊದಲ ಮಾತಿನಲ್ಲೇ ಮೂರು ಖಾನೆ ತುಂಬಿದವು: ಬೆಂಗಳೂರು, ಗುರುವಾರ, ಎರಡು. ಅವನ್ನು ಮತ್ತೆ ಕೇಳಬಾರದು. ಪ್ರತಿ ಮಾತಿನ ನಂತರ ಯಾವ ಖಾನೆ ತುಂಬಿದೆ, ಯಾವುದು ಖಾಲಿ ಎಂಬ ಲೆಕ್ಕವನ್ನು ಯಂತ್ರ ಇಟ್ಟುಕೊಳ್ಳಬೇಕು. ಅಜ್ಜಿ ನಡುವೆ ಮನಸ್ಸು ಬದಲಿಸಿ “ಅದರ ಮಾರನೇ ದಿನಕ್ಕೆ” ಎಂದಾಗ, ‘ಅದರ’ ಎಂದರೆ ಯಾವುದರ ಎಂದು ತಿಳಿಯಲು ಈ ನೆನಪೇ ಬೇಕು. ಗುರುವಾರವನ್ನು ಅಳಿಸಿ ಶುಕ್ರವಾರ ಬರೆಯಬೇಕು. ಉಳಿದ ಖಾನೆಗಳನ್ನು ಮುಟ್ಟಬಾರದು. ಅಮಾವಾಸ್ಯೆಯ ದಿನ ಪ್ರಯಾಣ ಕೂಡದು ಎಂಬ ನಂಬಿಕೆ ಯಂತ್ರಕ್ಕೆ ತಿಳಿಯಬೇಕಾಗಿಲ್ಲ. ತಾರೀಖು ಬದಲಾಯಿತು ಎಂದು ತಿಳಿದರೆ ಸಾಕು.

ನಾಲ್ಕನೆಯ ಇಟ್ಟಿಗೆ: ಮುಂದಿನ ಹೆಜ್ಜೆ

ಈಗ ಏನು ಮಾಡಬೇಕು? ಖಾಲಿ ಖಾನೆಯ ಬಗ್ಗೆ ಕೇಳಬೇಕೋ, ತುಂಬಿದ್ದನ್ನು ಖಚಿತಪಡಿಸಿಕೊಳ್ಳಬೇಕೋ, ಕೆಲಸಕ್ಕೆ ಕೈಹಾಕಬೇಕೋ? ಈ ತೀರ್ಮಾನದ ನಿಯಮಗಳೇ ನಾಲ್ಕನೆಯ ಇಟ್ಟಿಗೆ. ಪರಿಶೀಲನೆಯೂ ಇಲ್ಲೇ. 2024ರ ನವೆಂಬರ್ 1ರಿಂದ ರೈಲ್ವೆಯ ಮುಂಗಡ ಕಾಯ್ದಿರಿಸುವ ಅವಧಿ 120 ದಿನದಿಂದ 60 ದಿನಕ್ಕೆ ಇಳಿಯಿತು. ಆರು ತಿಂಗಳಾಚೆಯ ಮದುವೆಗೆ ಇವತ್ತೇ ಟಿಕೆಟ್ ಕೇಳಿದರೆ ಯಂತ್ರ ಆಗಲೇ ಹೇಳಬೇಕು. ಹೆಸರು, ವಯಸ್ಸು ಎಲ್ಲ ಬರೆಸಿಕೊಂಡು ಕೊನೆಗೆ “ಆಗುವುದಿಲ್ಲ” ಎನ್ನುವುದು ಶುದ್ಧ ಅಧಿಕಪ್ರಸಂಗ.

ಹಣ ಕಡಿತವಾಗುವ ಮುಂಚೆ ಎಲ್ಲವನ್ನೂ ಒಮ್ಮೆ ಓದಿ ಹೇಳಿ “ಸರಿಯೇ?” ಎಂದು ಕೇಳುವುದು ಈ ಇಟ್ಟಿಗೆಯ ಮುಖ್ಯ ಧರ್ಮ. ಅಲ್ಲಿ ಬರುವ ಉತ್ತರವನ್ನು ಎಚ್ಚರದಿಂದ ತಿಳಿಯಬೇಕು. ನಾವು “ಪರವಾಗಿಲ್ಲ” ಎಂದಾಗ ಅದು ಒಪ್ಪಿಗೆಯೋ ನಿರಾಕರಣೆಯೋ? ಸಂದರ್ಭಕ್ಕೆ ತಕ್ಕಂತೆ ಎರಡೂ ಆಗುತ್ತದೆ. ನಿಮ್ಮ ಮನೆಯ ಕಲಬೆರಕೆ ಮಾತಿನಲ್ಲಿ ಇನ್ನೊಂದು ಬಲೆಯಿದೆ. ತೆಲುಗಿನ ‘ಚಾಲು’ ಎಂದರೆ ಸಾಕು. ಕನ್ನಡದ ‘ಚಾಲೂ’ ಎಂದರೆ ಶುರು. ನೀವು ನಿಲ್ಲಿಸು ಎಂದದ್ದನ್ನು ಯಂತ್ರ ಮುಂದುವರಿಸು ಎಂದು ತಿಳಿದರೆ ಗತಿಯೇನು!

ಐದನೆಯ ಇಟ್ಟಿಗೆ: ಕೆಲಸ

ಇಲ್ಲಿಯವರೆಗೆ ನಡೆದದ್ದು ಮಾತು. ಈಗ ರೈಲ್ವೆಯ ಗಣಕದಲ್ಲಿ ಸೀಟು ಇದೆಯೇ ನೋಡಬೇಕು, ಹಣ ಪಡೆಯಬೇಕು, ಟಿಕೆಟ್ ನಂಬರು ತರಬೇಕು. ಚಾಟ್‌ಬಾಟು ಇನ್ನೊಂದು ಗಣಕದ ಬಾಗಿಲು ತಟ್ಟುವ ಈ ವ್ಯವಸ್ಥೆಗೆ ಎಪಿಐ ಎನ್ನುತ್ತಾರೆ. ಅಡುಗೆಮನೆಗೂ ಊಟದ ಮನೆಗೂ ನಡುವೆ ಇರುವ ಕಿಟಕಿ ಎಂದುಕೊಳ್ಳಿ. ಮಾಣಿ ಎಷ್ಟೇ ಸಿಹಿಯಾಗಿ ಮಾತಾಡಲಿ, ಆ ಕಿಟಕಿಯಿಂದ ದೋಸೆ ಬರದಿದ್ದರೆ ನಿಮ್ಮ ಹೊಟ್ಟೆ ತುಂಬದು.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರಗಳ ಮಾತಿನ ಚಾತುರ್ಯ ಬಹಳ ಹೆಚ್ಚಿದೆ. ಉದ್ದೇಶವನ್ನು ಊಹಿಸುವುದು, ಖಾನೆ ತುಂಬುವುದು ಈ ದೊಡ್ಡ ಭಾಷಾಮಾದರಿಗಳಿಗೆ ಹೆಚ್ಚು ಸಲೀಸು. ಆದರೆ ಸೀಟಿದೆಯೋ ಇಲ್ಲವೋ ಎಂಬುದು ಊಹಿಸುವ ವಿಷಯವಲ್ಲ, ಕಿಟಕಿಯಾಚೆಯಿಂದಲೇ ಬರಬೇಕು. ಕೆನಡಾದಲ್ಲಿ ನಡೆದ ಒಂದು ಪ್ರಕರಣ ಕೇಳಿ. ಏರ್ ಕೆನಡಾ ಸಂಸ್ಥೆಯ ಚಾಟ್‌ಬಾಟು, ಅಜ್ಜಿ ತೀರಿಹೋದ ದುಃಖದಲ್ಲಿ ಪ್ರಯಾಣಿಸಬೇಕಾಗಿದ್ದ ಗ್ರಾಹಕರೊಬ್ಬರಿಗೆ ರಿಯಾಯಿತಿಯ ವಿಷಯದಲ್ಲಿ ತಪ್ಪು ಮಾಹಿತಿ ಕೊಟ್ಟಿತು. ವ್ಯಾಜ್ಯವಾದಾಗ, ಚಾಟ್‌ಬಾಟಿನ ಮಾತಿಗೆ ತಾನು ಹೊಣೆಯಲ್ಲ ಎಂಬ ಸಂಸ್ಥೆಯ ವಾದವನ್ನು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿ, ಸುಮಾರು 812 ಕೆನಡಾ ಡಾಲರ್ ಕೊಡುವಂತೆ ಆದೇಶಿಸಿತು. ಯಂತ್ರ ಆಡಿದ ಮಾತಿಗೆ ಅದನ್ನು ಇಟ್ಟವರೇ ಹೊಣೆ. ಮುಂದೆ ನಿಮ್ಮಲ್ಲಿ ಯಾರಾದರೂ ಇಂಥ ಯಂತ್ರ ಕಟ್ಟಿದರೆ ಇದು ನೆನಪಿರಲಿ.

ಆರನೆಯ ಇಟ್ಟಿಗೆ: ಉತ್ತರ

ಕೊನೆಗೆ ಯಂತ್ರ ತಿರುಗಿ ಮಾತಾಡಬೇಕು. ಸಾಮಾನ್ಯವಾಗಿ ವಾಕ್ಯಗಳನ್ನು ಮೊದಲೇ ಬರೆದಿಟ್ಟು, ಖಾನೆಯ ಪದಗಳನ್ನು ನಡುವೆ ಸೇರಿಸುತ್ತಾರೆ. “ನೀವು (ಊರು)ಗೆ ಹೊರಟಿದ್ದೀರಿ” ಎಂದು ಬರೆದಿಟ್ಟರೆ ಮೈಸೂರಿನ ಗತಿ ‘ಮೈಸೂರುಗೆ’, ಹಾಸನದ ಗತಿ ‘ಹಾಸನಗೆ’! ಇಂಗ್ಲಿಷಿನ ಅಚ್ಚಿನಲ್ಲಿ ಕನ್ನಡ ಎರೆದರೆ ಹೀಗಾಗುತ್ತದೆ. ಇನ್ನು ಮರ್ಯಾದೆ. ಅಜ್ಜಿ ಯಂತ್ರಕ್ಕೆ “ಮಾಡು” ಎನ್ನಬಹುದು, ಅದು ಅವರ ಹಿರಿತನ. ಯಂತ್ರ ಅಜ್ಜಿಗೆ “ಹೇಳು” ಎನ್ನಬಾರದು. ಇಂಗ್ಲಿಷಿನ ‘ಯೂ’ ಒಂದೇ ಪದ. ಅದು ನೀನೋ ನೀವೋ ಎಂದು ನಿರ್ಧರಿಸುವವರು ಕನ್ನಡ ಮನೆಯಲ್ಲಿ ಬೆಳೆದವರೇ ಆಗಿರಬೇಕು.

ಅರ್ಥವಾಗದಿದ್ದರೆ?

ಇಟ್ಟಿಗೆ ಆರೇ ಆದರೂ ಅವನ್ನು ಹಿಡಿದಿಡುವ ಗಾರೆ ಒಂದಿದೆ. ಅರ್ಥವಾಗದಾಗ ಯಂತ್ರ ಏನು ಮಾಡುತ್ತದೆ ಎಂಬುದು. ಕೆಟ್ಟ ಯಂತ್ರ ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತದೆ. ಒಳ್ಳೆಯದು ಒಮ್ಮೆ ಬೇರೆ ಮಾತಿನಲ್ಲಿ ಕೇಳುತ್ತದೆ, ಎರಡನೆಯ ಸಲ ಆಯ್ಕೆಗಳನ್ನು ಮುಂದಿಡುತ್ತದೆ, ಮೂರನೆಯ ಸಲಕ್ಕೆ ಮನುಷ್ಯರಿಗೆ ಒಪ್ಪಿಸುತ್ತದೆ. ಮನುಷ್ಯನ ಕಡೆಗೆ ಹೋಗುವ ಬಾಗಿಲು ಇಲ್ಲದ ಚಾಟ್‌ಬಾಟನ್ನು ನಂಬಬೇಡಿ.

ಹಾಗೆಯೇ, ಬೇಕಾದ್ದಕ್ಕಿಂತ ಹೆಚ್ಚು ಖಾನೆ ಇಟ್ಟ ಯಂತ್ರವನ್ನೂ ಅನುಮಾನದಿಂದ ನೋಡಿ. ಊಟದ ಲೆಕ್ಕಕ್ಕೆ ಆಧಾರ್ ನಂಬರು ಯಾಕೆ ಬೇಕು? 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಹೇಳಿದ ಉದ್ದೇಶಕ್ಕೆ ಬೇಕಾದಷ್ಟೇ ಕೇಳಬೇಕು ಎಂಬುದು ಅದರ ತತ್ತ್ವಗಳಲ್ಲಿ ಒಂದು.

ನಿಮ್ಮ ಪಾಲಿನ ಕೆಲಸ

ಈ ಆರು ಇಟ್ಟಿಗೆಗಳಲ್ಲಿ ನಾಲ್ಕು ಎಲ್ಲ ಭಾಷೆಗೂ ಒಂದೇ. ನೆನಪು, ಹೆಜ್ಜೆ, ಕೆಲಸ, ಖಾನೆಗಳ ಪಟ್ಟಿ ಇವನ್ನು ಬರ್ಲಿನ್‌ನಲ್ಲಿ ಕುಳಿತವರೂ ಕಟ್ಟಬಹುದು, ಕಟ್ಟಿದ್ದಾರೆ. ಆದರೆ ಅಜ್ಜಿಯ ಮಾತನ್ನು ಗುರುತಿಸುವುದು ಮತ್ತು ಅವರಿಗೆ ಒಪ್ಪುವಂತೆ ಉತ್ತರ ಕೊಡುವುದು, ಒಳಬಾಗಿಲು ಮತ್ತು ಹೊರಬಾಗಿಲು, ಇವು ಕನ್ನಡಿಗರು ಕೊಟ್ಟ ಮಾತುಗಳಿಂದಲೇ ಆಗಬೇಕು. ಭಾರತ ಸರ್ಕಾರ 2022ರ ಜುಲೈನಲ್ಲಿ ‘ಭಾಷಿಣಿ’ ಯೋಜನೆಯನ್ನು ಆರಂಭಿಸಿತು. ಅದರ ‘ಭಾಷಾದಾನ’ ವಿಭಾಗದಲ್ಲಿ ಸಾಮಾನ್ಯ ಜನರೂ ತಮ್ಮ ಭಾಷೆಯ ಧ್ವನಿಯನ್ನು, ವಾಕ್ಯಗಳನ್ನು ಕೊಡಬಹುದು. ರಕ್ತದಾನಕ್ಕೆ ಸಾಲಾಗಿ ನಿಲ್ಲುವ ನಮ್ಮ ತರುಣರು ಇದನ್ನೂ ಒಮ್ಮೆ ನೋಡಬೇಕು. ಇಲ್ಲಿ ಸೂಜಿಯೂ ಚುಚ್ಚುವುದಿಲ್ಲ!

ವಿಶಾಖಪಟ್ಟಣದ ಕನ್ನಡ, ವಿಜಯವಾಡದ ಕನ್ನಡ ಎಂದರೆ ತೆಲುಗು ಬೆರೆತದ್ದು, ಶುದ್ಧವಲ್ಲ ಎಂದು ನಿಮಗೆ ಅಳುಕು ಇರಬಹುದು. ಯಂತ್ರದ ದೃಷ್ಟಿಯಿಂದ ನೋಡಿದರೆ ಅದೇ ನಿಮ್ಮ ಬೆಲೆ. ಪಠ್ಯಪುಸ್ತಕದ ವಾಕ್ಯಗಳು ಬೇಕಾದಷ್ಟು ಸಿಗುತ್ತವೆ. “ರೇಪು ಅಲ್ಲ ಅಜ್ಜಿ, ನಾಡಿದ್ದು” ಎನ್ನುವ ಮನೆಯ ಮಾತು ಎಲ್ಲೂ ದಾಖಲಾಗಿಲ್ಲ. ಅದನ್ನು ಆಡುವವರು ನೀವೇ, ಅರ್ಥಮಾಡಿಕೊಳ್ಳುವವರೂ ನೀವೇ.

ಸಣ್ಣದಾಗಿ ಶುರುಮಾಡೋಣ. ಸಂಘದ ರಾಜ್ಯೋತ್ಸವದ ಊಟಕ್ಕೆ ಪ್ರತಿವರ್ಷ ತಲೆ ಎಣಿಸುವುದೇ ಒಂದು ಗೋಳು. ಅದಕ್ಕೊಂದು ಚಾಟ್‌ಬಾಟನ್ನು ಮೊದಲು ಕಾಗದದ ಮೇಲೆ ಕಟ್ಟಿ. ಕೆಲಸವನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಖಾನೆಗಳನ್ನು ಗುರುತಿಸಿ: ಯಾರು, ಎಷ್ಟು ಮಂದಿ, ಮಕ್ಕಳೆಷ್ಟು, ಯಾವ ಹೊತ್ತಿಗೆ. ಆಮೇಲೆ ಬೇರೆ ಬೇರೆ ಜಿಲ್ಲೆಯಿಂದ ಬಂದ ಹಿರಿಯರ ಮನೆಗೆ ಹೋಗಿ, “ಊಟಕ್ಕೆ ಬರುತ್ತೇವೆ ಎಂದು ತಿಳಿಸಬೇಕಾದರೆ ನೀವು ಹೇಗೆ ಹೇಳುತ್ತೀರಿ?” ಎಂದು ಕೇಳಿ, ಅವರು ಹೇಳಿದ್ದನ್ನು ತಿದ್ದದೆ ಬರೆದುಕೊಳ್ಳಿ. ಇಪ್ಪತ್ತು ವಾಕ್ಯ ಸಿಕ್ಕರೆ ಸಾಕು.

ಆಮೇಲೆ ಒಂದು ಆಟ ಆಡಿ. ಒಬ್ಬರು ಪರದೆಯ ಹಿಂದೆ ಕೂತು ಯಂತ್ರದಂತೆ ನಟಿಸಲಿ. ಬರೆದಿಟ್ಟ ನಿಯಮದ ಆಚೆಗೆ ಒಂದು ಮಾತೂ ಆಡಬಾರದು. ಇನ್ನೊಬ್ಬರು ಮುಂದೆ ಕೂತು ಕೆಲಸ ಮಾಡಿಸಿಕೊಳ್ಳಲಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಎಂದು ಗುರುತು ಹಾಕಿ. ದೊಡ್ಡ ದೊಡ್ಡ ಸಂಸ್ಥೆಗಳೂ 1980ರ ದಶಕದಿಂದ ಹೀಗೆ ಪರೀಕ್ಷಿಸುತ್ತ ಬಂದಿವೆ. ನಮ್ಮ ತೊಗಲುಗೊಂಬೆಯಾಟದವರಿಗೆ, ಇಲ್ಲಿಯ ತೋಲುಬೊಮ್ಮಲಾಟದವರಿಗೆ ಪರದೆಯ ಹಿಂದಿನ ಈ ವಿದ್ಯೆ ಅದಕ್ಕೂ ಎಷ್ಟೋ ಮೊದಲೇ ಗೊತ್ತಿತ್ತು! ಕಾಗದದ ಮೇಲೆ ಸರಿಯಾಗಿ ನಡೆದ ಮೇಲೆ ಗಣಕಯಂತ್ರಕ್ಕೆ ಇಳಿಸುವುದು ನಿಮ್ಮಲ್ಲಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ರಜೆಯ ಕೆಲಸ.

ಈ ತಿಂಗಳ ಮನೆಗೆಲಸ

ಕೆಳಗಿನ ವಾಕ್ಯವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ:

“ನಮ್ಮತ್ತೆಗೆ ಭಾನುವಾರದಿಂದ ಮಂಡಿನೋವು, ಅದಕ್ಕೇ ಬೆಂಗಳೂರಿಂದ ನಾಡಿದ್ದಿಗೆ ಅಂತ ತೆಗೆದಿದ್ದ ಟಿಕೆಟ್ ಮುಂದಿನ ವಾರಕ್ಕೆ ಹಾಕೋಕಾಗತ್ತಾ?”

ಇದರಲ್ಲಿ ಉದ್ದೇಶ ಯಾವುದು? ಎರಡು ‘ಇಂದ’ಗಳಲ್ಲಿ ಊರಿನದು ಯಾವುದು, ಕಾಲದ್ದು ಯಾವುದು? ಎಷ್ಟು ‘ಗೆ’ ಮತ್ತು ‘ಕ್ಕೆ’ ಇವೆ, ಅವುಗಳಲ್ಲಿ ಖಾನೆಗೆ ಸೇರುವವು ಯಾವುವು? ಯಂತ್ರ ಇನ್ನೂ ಏನೇನು ಕೇಳಬೇಕಾಗುತ್ತದೆ? ಉತ್ತರವನ್ನು ಕನ್ನಡದಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಿ. ಕಾಗುಣಿತ ತಪ್ಪಿದರೆ ಅಂಕ ಕಳೆಯುವುದಿಲ್ಲ.

ಅಜ್ಜಿಯ ಸಹಾಯ ಪಡೆಯಬಹುದು. ನಿಜ ಹೇಳಬೇಕೆಂದರೆ, ಪಡೆಯಲೇಬೇಕು. ಮುಂದಿನ ಸಂಚಿಕೆಯಲ್ಲಿ ಉತ್ತರಗಳೊಡನೆ ಭೇಟಿಯಾಗೋಣ.